ಕಂತು ಕಟ್ಟುವ ಮೊದಲು

ಪುಟ್ಟೀ, ಮೊದಲ ಸಂಬಳ ಬಂತಂತೆ, ತುಂಬ ಸಂತೋಷ. ಅದರ ಬೆನ್ನಿಗೇ ಒಂದು ಅಮೆರಿಕನ್ ಸ್ಟ್ರಾಟೋಕಾಸ್ಟರ್ ಗಿಟಾರ್ ಮನೆಗೆ ತರುತ್ತೀಯಂತೆ, ಒಂದೂವರೆ ಲಕ್ಷಕ್ಕೂ ಮೇಲಂತೆ, ಕಂತಿನ ಮೇಲಂತೆ. ನಿನ್ನಮ್ಮ ಫೋನು ಮಾಡಿ ಕೂಗಾಡಿದಳು. ಅವಳ ಚಿಂತೆ ದುಡ್ಡಿನದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ, ದುಡಿಯುವವಳು ನೀನು. ನನ್ನ ಕಿವಿಗೆ ಚುಚ್ಚಿದ್ದು ನೀನು ಅವಳಿಗೆ ಕೊಟ್ಟ ಕಾರಣ. "ಕಡಿಮೆ ಬೆಲೆಯ ಗಿಟಾರಿನಲ್ಲಿ ಟೋನ್ ಬರಲ್ಲಮ್ಮ, ಮರ ಸರಿ ಇರಲ್ಲ" ಅಂದೆಯಂತೆ. ಇದು ನಿನ್ನ ಬ್ಯಾಂಡಿನ ಹುಡುಗರ ಮಾತು. ಅವರಿಗೂ ಇನ್ಯಾರೋ ಹೇಳಿದ್ದು. ಗಿಟಾರಿನ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳಬೇಡ ಅನ್ನುತ್ತಿಲ್ಲ, ಬೇಕಾದಷ್ಟು ಇಟ್ಟುಕೋ. ಆದರೆ ಅದು ನಿನ್ನ ಕಿವಿಯಿಂದ, ನಿನ್ನ ಕೈಯಿಂದ ಬಂದದ್ದಾಗಿರಲಿ.

ಮರದ ವಿಷಯ ಮೊದಲು ನೋಡೋಣ. ಮಾರಾಟಕ್ಕೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರ್ 1932ರ ರಿಕನ್‌ಬ್ಯಾಕರ್. ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವಂಥದ್ದು. ಅದರ ಮೈ ಎರಕ ಹೊಯ್ದ ಅಲ್ಯೂಮಿನಿಯಂ. ನೋಡಲು ಬಾಣಲೆಯಂತಿದೆ ಅಂತ ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಅಂತಲೇ ಕರೆದರು. ಮರವೇ ಇಲ್ಲದೆ ಅದು ಹಾಡಿತು. ಹೇಗೆ ಅಂದರೆ, ಪಿಕಪ್ ಅನ್ನುವುದು ಒಂದಿಷ್ಟು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಕೆಳಗಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ವೀಣೆಯ ಕೊಡದ ಹಾಗೆ ಇಲ್ಲಿ ಮರ ಗಾಳಿಯನ್ನು ಅಲುಗಿಸಿ ಸಭೆಗೆ ಕೇಳಿಸುವುದಿಲ್ಲ. ಆ ಕೆಲಸ ಆಂಪ್‌ನದು, ಸ್ಪೀಕರಿನದು. ಮರಕ್ಕೆ ಏನೂ ಪಾತ್ರವೇ ಇಲ್ಲ ಅಂತ ನಾನು ಹಟ ಹಿಡಿಯುವುದಿಲ್ಲ. ತೂಕ ಮರದಿಂದ ಬರುತ್ತದೆ, ಎದೆಗೆ ತಾಗುವ ಅದುರು ಮರದಿಂದ ಬರುತ್ತದೆ, ನೆಕ್ ಬಾಗುವುದೂ ಬಾಗದಿರುವುದೂ ಮರದ್ದೇ. ಆದರೆ ಸಭಾಂಗಣದ ಹತ್ತನೇ ಸಾಲಿನಲ್ಲಿ ಕುಳಿತವನು ಇದು ಆಲ್ಡರ್, ಅದು ಮಹಾಗನಿ ಅಂತ ಹೇಳಿದರೆ ನಾನು ನಂಬುವುದಿಲ್ಲ.

ದೊಡ್ಡವರು ನುಡಿಸಿದ್ದನ್ನು ನೋಡು. ಜಿಮ್ಮಿ ಪೇಜ್ ವೇದಿಕೆಯ ಮೇಲೆ ಡ್ಯಾನೆಲೆಕ್ಟ್ರೋ ಹಿಡಿದು ನಿಲ್ಲುತ್ತಿದ್ದ. ಅದರ ಮೇಲ್ಮೈ ಅಗ್ಗದ ಕಟ್ಟಡಗಳಲ್ಲಿ ಹೊದಿಸುವ ಹಾರ್ಡ್‌ಬೋರ್ಡು. ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಸೇರಿ ತನ್ನ ಗಿಟಾರನ್ನು ಮನೆಯಲ್ಲೇ ಕೆತ್ತಲು ಶುರುಮಾಡಿದ, ನೆಕ್ಕಿಗೆ ಬಳಸಿದ್ದು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಕ್ವೀನ್ ಬ್ಯಾಂಡಿನ ಹಾಡುಗಳಲ್ಲಿ ನೀನು ಕೇಳುವುದು ಆ ಗಿಟಾರನ್ನೇ. ಎಡ್ಡಿ ವ್ಯಾನ್ ಹೇಲನ್ ಬಿಡಿಭಾಗ ಕೊಂಡು ಜೋಡಿಸಿ ತನ್ನದನ್ನು ಮಾಡಿಕೊಂಡ. ಕ್ಲಾಪ್ಟನ್‌ನ 'ಬ್ಲ್ಯಾಕಿ' ಮೂರು ಹಳೆಯ ಸ್ಟ್ರಾಟ್‌ಗಳನ್ನು ಬಿಚ್ಚಿ ಒಂದಾಗಿ ಕಟ್ಟಿದ್ದು. 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಆ ದುಡ್ಡು ಕೊಟ್ಟವರು ಮರಕ್ಕೆ ಕೊಟ್ಟರೇ, ಅದನ್ನು ನುಡಿಸಿದ ಕೈಗೆ ಕೊಟ್ಟರೇ, ನೀನೇ ಹೇಳು.

ಮರದ ಮಾತು ಬಂತಲ್ಲ, ನಮ್ಮ ಕಡೆಯದೂ ಒಂದಿದೆ. ಫಿಂಗರ್‌ಬೋರ್ಡಿಗೆ ಹಾಕುವ 'ಇಂಡಿಯನ್ ರೋಸ್‌ವುಡ್' ಅಂದರೆ ನಮ್ಮ ಬೀಟೆ. ಮೈಸೂರಿನ ಇನ್ಲೇ ಕೆಲಸದವರು ಆನೆ, ಅಂಬಾರಿ ಕೂರಿಸುವ ಅದೇ ಕಪ್ಪುಗೆಂಪು ಮರ. 2017ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದಡಿ ಬೀಟೆಯ ಇಡೀ ಕುಲಕ್ಕೆ ನಿರ್ಬಂಧ ಬಿದ್ದಾಗ ಗಿಟಾರ್ ಕಂಪನಿಗಳು ಬೇರೆ ಬೇರೆ ಮರಗಳಿಗೆ ತಿರುಗಿಕೊಂಡವು. 2019ರ ಕೊನೆಗೆ, ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಡುವಿನ ಆ ಎರಡು ಮೂರು ವರ್ಷದಲ್ಲಿ ತಯಾರಾದ ಗಿಟಾರುಗಳ ದನಿ ಕೆಟ್ಟಿತು ಅಂತ ಯಾರೂ ಎದ್ದು ಹೋದದ್ದನ್ನು ನಾನು ಕಾಣೆ. ಇರಲಿ.

ಕಿವಿಯನ್ನು ನಂಬು ಅಂದೆ. ಆದರೆ ಕಿವಿಗೂ ಮೋಸವಾಗುತ್ತದೆ, ಅದನ್ನೂ ತಿಳಿದುಕೋ. ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದು: ಸದ್ದು ಹೆಚ್ಚಾದಂತೆ ನಮ್ಮ ಕಿವಿಗೆ ಮಂದ್ರವೂ ತಾರವೂ ತುಂಬಿ ಬಂದಂತೆ ಕೇಳಿಸುತ್ತದೆ. ಹಾಗಾಗಿ ಎರಡು ಗಿಟಾರನ್ನು ಒಂದಾದ ಮೇಲೊಂದು ನುಡಿಸಿದಾಗ ಯಾವುದರ ಪಿಕಪ್ ಜೋರೋ ಅದೇ 'ಒಳ್ಳೆಯದು' ಅನ್ನಿಸಿಬಿಡುತ್ತದೆ. ಅಂಗಡಿಯಲ್ಲಿ ಹೋಲಿಸುವಾಗ ಆಂಪ್‌ನ ವಾಲ್ಯೂಮ್ ತಿರುಗಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತಂದುಕೋ. ಆಮೇಲೆ ಬೆನ್ನು ತಿರುಗಿಸಿ ನಿಂತು, ಗೆಳತಿಯ ಕೈಲಿ ನುಡಿಸಿಸಿ ಕೇಳು. ಹೆಡ್‌ಸ್ಟಾಕಿನ ಮೇಲಿನ ಹೆಸರು ಕಣ್ಣಿಗೆ ಬಿದ್ದರೆ ಕಿವಿ ಕೆಲಸ ಮಾಡುವುದಿಲ್ಲ.

ಇದು ಬರೀ ನಮ್ಮಂಥ ಹವ್ಯಾಸಿಗಳ ಪಾಡಲ್ಲ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಪಿಟೀಲು ಸ್ಪರ್ಧೆ ನಡೆದಾಗ ಕ್ಲಾಡಿಯಾ ಫ್ರಿಟ್ಸ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು 21 ನುರಿತ ಪಿಟೀಲು ವಾದಕರನ್ನು ಮಂದ ಬೆಳಕಿನ ಹೋಟೆಲ್ ಕೋಣೆಗೆ ಕರೆದು, ವೆಲ್ಡಿಂಗ್ ಮಾಡುವವರ ಕನ್ನಡಕ ಹಾಕಿಸಿ, ಆರು ಪಿಟೀಲು ಕೊಟ್ಟರು. ಮೂರು ಹೊಸವು, ಮೂರು ಹಳೆಯವು. ಹಳೆಯದರಲ್ಲಿ ಎರಡು ಹೆಸರಾಂತ ಸ್ಟ್ರಾಡಿವರಿ. ಹೆಚ್ಚಿನವರು ಮನೆಗೊಯ್ಯಲು ಆರಿಸಿದ್ದು ಹೊಸದನ್ನು. ಎಲ್ಲಕ್ಕಿಂತ ಕಡಿಮೆ ಒಲವು ಸಿಕ್ಕಿದ್ದು ಒಂದು ಸ್ಟ್ರಾಡಿವರಿಗೆ! ಪಿಟೀಲಿನಲ್ಲಿ ದನಿಯೆಲ್ಲ ಮರದ್ದೇ, ಅಲ್ಲೇ ಹೀಗಾದರೆ ಎಲೆಕ್ಟ್ರಿಕ್ ಗಿಟಾರಿನ ಮರದ ಮೇಲೆ ಜಗಳ ಕಾಯುವುದು ಯಾವ ಸಂಪತ್ತಿಗೆ?

ಹಾಗಾದರೆ ಗಿಟಾರ್ ಗಿಟಾರಿಗೆ ವ್ಯತ್ಯಾಸವೇ ಇಲ್ಲವೇ ಅಂತ ಕೇಳುತ್ತೀಯ. ಇದೆ, ಬೇಕಾದಷ್ಟಿದೆ, ಆದರೆ ಅದು ಕೈಗೆ ಸಿಗುವ ಕಡೆ ಇದೆ. ನೀನು ಚಿಕ್ಕಂದಿನಲ್ಲಿ ವೀಣೆ ಕಲಿತವಳು. ಮೇಣ ಸಡಿಲಾಗಿ ಮೆಟ್ಟಿಲು ಜರುಗಿದರೆ ಎಂಥ ತಂಜಾವೂರು ವೀಣೆಯೂ ಅಪಸ್ವರ ಹೊರಡಿಸುತ್ತದೆ, ಮತ್ತೆ ಮೇಳ ಕಟ್ಟಿಸಿಕೊಂಡು ಬರಬೇಕು. ಗಿಟಾರಿನಲ್ಲಿ ಅದಕ್ಕೆ ಸೆಟಪ್ ಅನ್ನುತ್ತಾರೆ. ನೆಕ್ಕಿನ ಒಳಗಿನ ಟ್ರಸ್ ರಾಡ್ ತಿರುಗಿಸಿ ಬಾಗನ್ನು ಸರಿಮಾಡುವುದು, ಬ್ರಿಡ್ಜಿನಲ್ಲಿ ತಂತಿಯ ಎತ್ತರ ಇಳಿಸುವುದು, ನಟ್ಟಿನಲ್ಲಿ ತಂತಿ ಕೂರುವ ಗಾಡಿಯನ್ನು ಅರದಿಂದ ತೀಡುವುದು, ಇಂಟೊನೇಶನ್ ಕೂಡಿಸುವುದು. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2 ಮಿಲಿಮೀಟರ್, ಸಣ್ಣ ತಂತಿ 1.5 ಮಿಲಿಮೀಟರ್ ಎತ್ತರದಲ್ಲಿದ್ದರೆ ನಿನ್ನ ಬೆರಳಿಗೆ ಸುಖ. ಒಂದೂವರೆ ಲಕ್ಷದ ಗಿಟಾರೂ ಹಡಗಿನಲ್ಲಿ ಬಂದು, ಅಂಗಡಿಯ ಏಸಿಯಲ್ಲಿ ತಿಂಗಳುಗಟ್ಟಲೆ ನೇತಾಡಿ, ಸೆಟಪ್ ಇಲ್ಲದೆ ನಿನ್ನ ಕೈಗೆ ಬರುತ್ತದೆ. ಸರಿಯಾಗಿ ಸೆಟಪ್ ಆದ 20 ಸಾವಿರದ ಗಿಟಾರ್ ಅದಕ್ಕಿಂತ ಚೆನ್ನಾಗಿ ನುಡಿಯುತ್ತದೆ ಅಂತ ನಾನು ಧೈರ್ಯವಾಗಿ ಹೇಳಬಲ್ಲೆ.

ಅಂಗಡಿಗೆ ಹೋದಾಗ ಹೀಗೆ ಮಾಡು. ಆಂಪ್‌ಗೆ ಸಿಕ್ಕಿಸುವ ಮೊದಲು ಹಾಗೇ ನುಡಿಸು. ಸತ್ತ ಸ್ವರ, ಗರಗರ ಅನ್ನುವ ಫ್ರೆಟ್ ಆಗಲೇ ಕಿವಿಗೆ ಸಿಗುತ್ತವೆ. ಹೆಬ್ಬೆರಳನ್ನು ನೆಕ್ಕಿನ ಅಂಚಿನುದ್ದಕ್ಕೂ ಸವರು. ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಬೆಂಗಳೂರಿನಲ್ಲೇ ಮರ ಕುಗ್ಗುತ್ತದೆ, ಕಲಬುರಗಿಯಲ್ಲಂತೂ ಕೇಳಬೇಡ. ಲೋಹದ ಫ್ರೆಟ್ ಕುಗ್ಗುವುದಿಲ್ಲವಾದ್ದರಿಂದ ಅದರ ತುದಿ ಹೊರಗೆ ಚಾಚಿ ಗರಗಸದಂತೆ ಚುಚ್ಚುತ್ತದೆ. ಹನ್ನೆರಡನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸು. ಎರಡೂ ಒಂದೇ ಸ್ವರ ಆಗಬೇಕು. ಮೇಲಿನ ಫ್ರೆಟ್‌ಗಳಲ್ಲಿ ಸಣ್ಣ ತಂತಿಯನ್ನು ಎಳೆದು ಬೆಂಡ್ ಮಾಡು, ದನಿ ಅರ್ಧಕ್ಕೇ ಉಸಿರುಕಟ್ಟಿದರೆ ಫ್ರೆಟ್ ಕೆಲಸ ಬಾಕಿ ಇದೆ. ಶ್ರುತಿ ಮಾಡುವಾಗ ನಟ್ಟಿನಿಂದ 'ಟಿಕ್' ಅಂತ ಸದ್ದು ಬಂದರೆ ತಂತಿ ಗಾಡಿಯಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ಶ್ರುತಿ ನಿಲ್ಲಲ್ಲ ಅಂತ ಜನ ಟ್ಯೂನರ್ ಕೀಲಿಗಳನ್ನೇ ಬದಲಾಯಿಸುತ್ತಾರೆ. ಎಷ್ಟೋ ಸಲ ಗಾಡಿಗೆ ಪೆನ್ಸಿಲ್ ಸೀಸ ತಿಕ್ಕಿದರೆ ಸಾಕಾಗಿರುತ್ತದೆ. ನಾಬ್‌ಗಳನ್ನು ತಿರುಗಿಸಿ ಕರಕರ ಬರುತ್ತದೆಯೇ ನೋಡು, ಕೇಬಲ್ ಸಿಕ್ಕಿಸುವ ಜಾಕ್ ಅಲುಗಾಡಿಸು. ಇಷ್ಟಾಗುವಷ್ಟರಲ್ಲಿ ಸೇಲ್ಸ್ ಹುಡುಗನ ಮುಖ ಸಣ್ಣದಾಗಿರುತ್ತದೆ, ಚಿಂತೆ ಮಾಡಬೇಡ.

ನಿನ್ನ ಕೈಗೆ, ನಿನ್ನ ಸಂಗೀತಕ್ಕೆ ಒಗ್ಗುವುದು ಅನ್ನುವುದು ಇನ್ನೊಂದು. ಲೆಸ್ ಪಾಲ್ ನಾಲ್ಕು ಕಿಲೋ ಮೀರುತ್ತದೆ, ಮೂರು ಗಂಟೆ ಪ್ರಾಕ್ಟೀಸಿನಲ್ಲಿ ನಿನ್ನ ಭುಜ ಅದನ್ನು ನೆನಪಿಸುತ್ತದೆ. ಫೆಂಡರಿನ ತಂತಿಯ ಉದ್ದ 648 ಮಿಲಿಮೀಟರ್, ಗಿಬ್ಸನ್ನಿನದು ಸುಮಾರು 628. ಉದ್ದ ಕಡಿಮೆಯಾದರೆ ಬಿಗಿ ಕಡಿಮೆ, ಗಮಕ ಎಳೆಯಲು ಸುಲಭ. ನೀನು ಹಂಸಧ್ವನಿಯನ್ನೂ ಬ್ಲೂಸನ್ನೂ ಒಟ್ಟಿಗೆ ಹಚ್ಚಿಕೊಂಡವಳು, ಈ ಇಪ್ಪತ್ತು ಮಿಲಿಮೀಟರಿನ ಬಗ್ಗೆ ಯೋಚಿಸು, ಮರದ ಬಗ್ಗೆ ಬೇಡ. ಮ್ಯಾಂಡೊಲಿನ್ ಶ್ರೀನಿವಾಸ್ ಜೋಡಿತಂತಿಯ ಮ್ಯಾಂಡೊಲಿನ್ ಬಿಟ್ಟು ಒಂಟಿತಂತಿಗಳ ಎಲೆಕ್ಟ್ರಿಕ್ ಮಾಡಿಸಿಕೊಂಡರು. ಜೋಡಿತಂತಿಯಲ್ಲಿ ಗಮಕ ಎಲ್ಲಿ ಕೂರುತ್ತದೆ? ತನ್ನ ಸಂಗೀತಕ್ಕೆ ಬೇಕಾದ್ದು ಏನು ಅಂತ ಅವರಿಗೆ ಗೊತ್ತಿತ್ತು.

ಬ್ರ್ಯಾಂಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಪ್ಪತ್ತರ ದಶಕದಲ್ಲಿ ಜಪಾನಿನ ಗಿಟಾರುಗಳನ್ನು 'ಕಾಪಿ' ಅಂತ ಮೂಗು ಮುರಿದರು. 1977ರಲ್ಲಿ ಗಿಬ್ಸನ್ನಿನ ಮಾಲೀಕರು ಹೆಡ್‌ಸ್ಟಾಕಿನ ಆಕಾರದ ಮೇಲೆ ಕೋರ್ಟಿಗೂ ಹೋದರು. ಐದೇ ವರ್ಷಕ್ಕೆ ಫೆಂಡರ್ ತಾನೇ ಜಪಾನಿಗೆ ಹೋಗಿ ಸ್ಕ್ವಾಯರ್ ಮಾಡಿಸಿತು. ಆ ಕಾಲದ ಜಪಾನಿ ಗಿಟಾರಿಗೆ ಈಗ ಸೆಕೆಂಡ್ ಹ್ಯಾಂಡಿನಲ್ಲಿ ಪೈಪೋಟಿ. ಇವತ್ತು ಇಂಡೊನೇಷ್ಯಾ, ಚೀನಾ ಅಂದರೆ ನಿನ್ನ ಗೆಳೆಯರು ಅದೇ ಮೂಗು ಮುರಿಯುತ್ತಾರೆ. ಅಲ್ಲಿ ಮರ ಕೊರೆಯುವುದು ಕಂಪ್ಯೂಟರ್ ನಡೆಸುವ ಯಂತ್ರ, ಅದರ ಅಳತೆ ತಪ್ಪುವುದು ಅಪರೂಪ. ಕಡಿಮೆ ಬೆಲೆಯಲ್ಲಿ ಕೈ ಬಿಗಿಹಿಡಿಯುವುದು ಸ್ವಿಚ್ಚು, ಟ್ಯೂನರ್, ಫ್ರೆಟ್ ನಯಗೊಳಿಸುವ ಕೈಕೆಲಸದಲ್ಲಿ. ಇವೆಲ್ಲ ಆಮೇಲೆ ಸರಿಮಾಡಿಸಬಹುದಾದವು.

ಆಂಪ್‌ಗೆ ಬಾ. ನಿನ್ನ ಬಜೆಟ್ಟಿನಲ್ಲಿ ಗಿಟಾರಿಗೆ ಒಂದೂವರೆ ಲಕ್ಷ, ಆಂಪ್‌ಗೆ ಐದು ಸಾವಿರ ಅಂತ ಕೇಳಿದೆ. ಇದು ತಲೆಕೆಳಗು. ಗಿಟಾರಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ ಕತ್ತರಿಸಿಹಾಕುತ್ತದೆ. ಸ್ಪೀಕರ್ ಬದಲಾಯಿಸಿದಾಗ ಆಗುವ ವ್ಯತ್ಯಾಸ ಗಿಟಾರ್ ಬದಲಾಯಿಸಿದಾಗ ಆಗದೆಯೂ ಇರಬಹುದು. ಸಾಧಾರಣ ಗಿಟಾರಿಗೆ ಒಳ್ಳೆಯ ಆಂಪ್ ಜೋಡಿಸಿದರೆ ಕೇಳಬಹುದು, ದುಬಾರಿ ಗಿಟಾರಿಗೆ ಕೆಟ್ಟ ಆಂಪ್ ಜೋಡಿಸಿದರೆ ಕೇಳಲಾಗುವುದಿಲ್ಲ.

ಟ್ಯೂಬ್ ಆಂಪೇ ಬೇಕು ಅನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಟ್ಯೂಬ್ ಅಂದರೆ ವಾಲ್ವ್, ಅದು ತುಂಬಿ ಹರಿಯುವಾಗ ದನಿ ಹದವಾಗಿ ಒಡೆಯುತ್ತದೆ, ಬೆರಳಿನ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಲಂಡನ್ನಿನ ಡ್ರಮ್ ಅಂಗಡಿಯ ಜಿಮ್ ಮಾರ್ಷಲ್ 1962ರಲ್ಲಿ ಫೆಂಡರ್ ಬಾಸ್‌ಮನ್ ಆಂಪನ್ನು ಮಾದರಿಯಾಗಿಟ್ಟು ತನ್ನದನ್ನು ಕಟ್ಟಿಸಿದಾಗಿನಿಂದ ರಾಕ್ ಸಂಗೀತಕ್ಕೆ ಆ ದನಿಯ ಹುಚ್ಚು ಹಿಡಿದಿದೆ. ಆದರೆ ವಾಲ್ವ್ ತುಂಬಿ ಹರಿಯಬೇಕಾದರೆ ವಾಲ್ಯೂಮ್ ಏರಿಸಬೇಕು. ಬಿಟಿಎಂ ಲೇಔಟಿನ ಪಿಜಿಯಲ್ಲಿ 50 ವಾಟಿನ ಟ್ಯೂಬ್ ಆಂಪನ್ನು ಒಂದರ ಮೇಲೆ ಎಲ್ಲಿ ತಿರುಗಿಸುತ್ತೀ? ನೂರು ವಾಟ್ ಅಂದರೆ ಐವತ್ತರ ಎರಡರಷ್ಟು ಜೋರಲ್ಲ, ಮೂರು ಡೆಸಿಬೆಲ್ ಮಾತ್ರ ಹೆಚ್ಚು; ಎರಡರಷ್ಟು ಜೋರು ಅನ್ನಿಸಬೇಕಾದರೆ ವಾಟ್ ಹತ್ತರಷ್ಟಾಗಬೇಕು. ಹಾಗಾಗಿ 5 ವಾಟಿನ ಟ್ಯೂಬೂ ಮನೆಯಲ್ಲಿ ಗೋಡೆ ನಡುಗಿಸುತ್ತದೆ. ಇನ್ನು ಟ್ರಾನ್ಸಿಸ್ಟರ್ ಅಂದರೆ ಕಸ ಅನ್ನುವವರಿಗೆ ರೋಲ್ಯಾಂಡಿನ ಜೆಸಿ-120 ತೋರಿಸು. 1975ರಲ್ಲಿ ಬಂದದ್ದು, ವಾಲ್ವ್ ಒಂದೂ ಇಲ್ಲ, ಶುದ್ಧ ದನಿಗೆ ಇವತ್ತಿಗೂ ಜನ ಅದನ್ನೇ ಹುಡುಕುತ್ತಾರೆ. ಬಿ.ಬಿ. ಕಿಂಗ್ ವರ್ಷಗಟ್ಟಲೆ ನುಡಿಸಿದ ಲ್ಯಾಬ್ ಸೀರೀಸ್ ಆಂಪ್‌ನಲ್ಲೂ ವಾಲ್ವ್ ಇರಲಿಲ್ಲ. ನಿನಗೆ ಈಗ ಹೆಡ್‌ಫೋನ್ ಸಿಕ್ಕಿಸಬಹುದಾದ, ಎಂಟೋ ಹತ್ತೋ ಅಂಗುಲದ ಸ್ಪೀಕರಿರುವ ಒಂದು ಮಾಡೆಲಿಂಗ್ ಆಂಪ್ ಸಾಕು. ರಾತ್ರಿ ಹನ್ನೊಂದಕ್ಕೂ ನುಡಿಸಬಹುದು, ಪಿಜಿ ಆಂಟಿ ಬಾಗಿಲು ಬಡಿಯುವುದಿಲ್ಲ.

ಆದ್ದರಿಂದ ನಾನು ಹೇಳುವ ಲೆಕ್ಕ ಇದು: 25 ಸಾವಿರದ ಒಳಗೆ ಗಿಟಾರ್, ಅಷ್ಟೇ ಹಣಕ್ಕೆ ಆಂಪ್, ಸೆಟಪ್ಪಿಗೆ ಒಂದೆರಡು ಸಾವಿರ, ಉಳಿದದ್ದರಲ್ಲಿ ಒಂದು ವರ್ಷ ಮೇಷ್ಟ್ರ ಹತ್ತಿರ ಪಾಠ. ಅದಾದ ಮೇಲೂ ಅಮೆರಿಕನ್ ಸ್ಟ್ರಾಟೇ ಬೇಕು ಅನ್ನಿಸಿದರೆ ಕೊಳ್ಳು, ಆಗ ನಿನಗೆ ಯಾಕೆ ಬೇಕು ಅಂತ ಗೊತ್ತಿರುತ್ತದೆ, ನಾನೇ ಜೊತೆಗೆ ಬರುತ್ತೇನೆ. ಚೆನ್ನಾಗಿ ಕಾಣುತ್ತದೆ, ಅದಕ್ಕೇ ಬೇಕು ಅಂದರೂ ಸರಿ ಕಣೇ. ಅದು ಮರದ ಕಥೆಗಿಂತ ಪ್ರಾಮಾಣಿಕ ಕಾರಣ.

ಇನ್ನೊಂದು, ಇದನ್ನು ಮಾತ್ರ ಮರೆಯಬೇಡ. ಯಾರಾದರೂ ಅಮೆರಿಕದಿಂದ ಆಂಪ್ ತಂದುಕೊಡುತ್ತೇನೆ ಅಂದರೆ ಅದರ ಹಿಂದೆ ಎಷ್ಟು ವೋಲ್ಟ್ ಅಂತ ಬರೆದಿದೆ ನೋಡು. ಅಲ್ಲಿಯ 120 ವೋಲ್ಟಿನದನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಗುಂಯ್ ಅನ್ನುವ ಹಮ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕುವವರಿದ್ದಾರೆ, ಅರ್ಥಿಂಗ್ ಪಿನ್ ಕಿತ್ತುಹಾಕುವವರೂ ಇದ್ದಾರೆ. ಗಿಟಾರಿನ ತಂತಿ ಆಂಪ್‌ನ ಮೈಗೆ ಸೇರಿರುತ್ತದೆ. ಅರ್ಥಿಂಗ್ ಇಲ್ಲದ ಆಂಪ್‌ನಲ್ಲಿ ವಿದ್ಯುತ್ ಸೋರಿದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದ ಹಾಡುಗಾರನ ಮೈಮೂಲಕ ಅದು ಹರಿಯುತ್ತದೆ. ಹೀಗೆ ಜೀವ ಕಳಕೊಂಡವರಿದ್ದಾರೆ. ಹಳೆಯ ಕಟ್ಟಡದ ಪಿಜಿ ಅಂದರೆ ಮೂರನೇ ತೂತು ಗೋಡೆಯಲ್ಲಿ ಇರುತ್ತದೆ, ಒಳಗೆ ತಂತಿ ಇರುವುದಿಲ್ಲ. ಆಂಪ್ ಮನೆಗೆ ಬರುವ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ಟೆಸ್ಟ್ ಮಾಡಿಸು. ಓನರ್ ಗೊಣಗಿದರೆ ನನಗೆ ಫೋನು ಕೊಡು, ನಾನು ಮಾತಾಡುತ್ತೇನೆ.