ಹಂಚಿಕೊಂಡು ದುಡಿಯುವ ಗಣಕಯಂತ್ರಗಳು

ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ 10 ಯಂತ್ರಗಳಿವೆ. ಸಂಜೆ 5 ಗಂಟೆಗೆ ಬೀಗ ಬಿದ್ದರೆ ಮರುದಿನ ಬೆಳಗ್ಗೆ 9ರವರೆಗೆ ಅವುಗಳಿಗೆ ಕೆಲಸವಿಲ್ಲ. ಇತ್ತ ಗ್ರಂಥಾಲಯದ ಕಪಾಟಿನಲ್ಲಿ, ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕನ್ನಡ ಪುಸ್ತಕಗಳು ಮಳೆಗಾಲದ ತೇವಕ್ಕೂ ಗೆದ್ದಲಿಗೂ ತುತ್ತಾಗುತ್ತಿವೆ. ಅವುಗಳ ಪುಟಗಳನ್ನು ಚಿತ್ರವಾಗಿ ಸೆರೆಹಿಡಿದು, ಆ ಚಿತ್ರದೊಳಗಿನ ಅಕ್ಷರಗಳನ್ನು ಯಂತ್ರದಿಂದಲೇ ಓದಿಸಿ ಉಳಿಸಬೇಕೆಂದು ಸುವರ್ಣ ಮಹೋತ್ಸವದ ನಿಮಿತ್ತ ಹಳೆ ವಿದ್ಯಾರ್ಥಿಗಳು ಮುಂದೆ ಬಂದರು. ಅದಕ್ಕಾಗಿ ಬೆಲೆಬಾಳುವ ದೊಡ್ಡ ಯಂತ್ರವೊಂದನ್ನು ಕೊಳ್ಳೋಣ ಎಂಬುದು ಮೊದಲು ಎದ್ದ ಮಾತು. ಇರುವ ಹತ್ತೇ ಸಾಕು, ಅವು ರಾತ್ರಿ ದುಡಿಯಲಿ ಎಂದು ವಾದಿಸಿದವನು ನನ್ನ ಶಿಷ್ಯನೊಬ್ಬ. ಅವನಿಂದ ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿಷ್ಯನಿಂದ ಕಲಿಯುವುದರಲ್ಲಿ ಮೇಷ್ಟ್ರಿಗೆ ನಾಚಿಕೆಯೇನೂ ಇಲ್ಲ.

ಮೊದಲು ಕಾಗದದ ಮೇಲಿನ ಲೆಕ್ಕವನ್ನು ನೋಡೋಣ. ಒಟ್ಟು 12,000 ಪುಟಗಳಿವೆ, ಒಂದು ಪುಟವನ್ನು ಓದಲು ಯಂತ್ರಕ್ಕೆ ಅರ್ಧ ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಒಂದೇ ಯಂತ್ರಕ್ಕಾದರೆ 100 ಗಂಟೆಗಳ ಕೆಲಸ. ಹತ್ತಕ್ಕೆ ಹಂಚಿದರೆ 10 ಗಂಟೆ. ಒಂದು ರಾತ್ರಿಯಲ್ಲಿ ಮುಗಿಯಿತು! ಆದರೆ ಎಲ್ಲ ಕೆಲಸಗಳೂ ಹೀಗೆ ಹಂಚಿಕೆಗೆ ಒಗ್ಗುವುದಿಲ್ಲ. ಕಾಸರಗೋಡು ಸೀಮೆಯವರಾದ ನಮಗೆ ಇದನ್ನು ಅಡಿಕೆಯೇ ಕಲಿಸಿದೆ. ಒಣಗಿದ ಅಡಿಕೆಯನ್ನು ಸುಲಿಯಲು ಒಬ್ಬರ ಬದಲು ಹತ್ತು ಮಂದಿ ಕುಳಿತರೆ ಕೆಲಸ ಹತ್ತು ಪಾಲು ಬೇಗ ಮುಗಿದೀತು. ಒಬ್ಬರು ಸುಲಿಯುವ ಅಡಿಕೆಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ. ಆದರೆ ಅಂಗಳದಲ್ಲಿ ಅಡಿಕೆ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಲವತ್ತು ಮಂದಿ ಕಾವಲು ಕುಳಿತರೂ ಅದು ಒಂದು ದಿನದಲ್ಲಿ ಒಣಗದು. ಪುಟ ಓದುವುದು ಸುಲಿಯುವ ಜಾತಿಯ ಕೆಲಸ. ಹಿಂದಿನ ಲೆಕ್ಕದ ಉತ್ತರ ಬಂದ ಮೇಲಷ್ಟೇ ಮುಂದಿನ ಲೆಕ್ಕ ಎಂಬಂತಹದು ಒಣಗಿಸುವ ಜಾತಿಯದು.

ಹೆಚ್ಚಿನ ಕೆಲಸಗಳಲ್ಲಿ ಎರಡೂ ಬೆರೆತಿರುತ್ತವೆ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜೀನ್ ಆಮ್‌ಡಾಲ್ ಎಂಬ ತಂತ್ರಜ್ಞರು 1967ರಲ್ಲಿ ಮಂಡಿಸಿದ ವಾದವು ಈಗ ಅವರ ಹೆಸರಿನ ನಿಯಮವಾಗಿಯೇ ನಿಂತಿದೆ. 10 ಗಂಟೆಗಳ ಕೆಲಸದಲ್ಲಿ 1 ಗಂಟೆಯ ಭಾಗವನ್ನು ಹಂಚಲಾಗದು ಎಂದುಕೊಳ್ಳಿ. ಉಳಿದ 9 ಗಂಟೆಗಳನ್ನು 9 ಯಂತ್ರಗಳಿಗೆ ಹಂಚಿದರೆ ಒಟ್ಟು 2 ಗಂಟೆ ಬೇಕಾಗುತ್ತದೆ. 90 ಯಂತ್ರಗಳಾದರೆ 1 ಗಂಟೆ 6 ನಿಮಿಷ. 900 ಆದರೆ 1 ಗಂಟೆ 36 ಸೆಕೆಂಡು. ಹಂಚಲಾಗದ ಆ ಒಂದು ಗಂಟೆಯನ್ನು ಎಷ್ಟು ಹಣ ಸುರಿದರೂ ಕಡಿಮೆ ಮಾಡಲಾಗದು. ಯಂತ್ರ ಕೊಳ್ಳುವ ಮುನ್ನ ಕೆಲಸದ ಸ್ವರೂಪವನ್ನು ಪರೀಕ್ಷಿಸಬೇಕೆಂಬುದು ಇದರಿಂದಲೇ.

ಇನ್ನು ಹಂಚುವ ಕ್ರಮ. ಹತ್ತಕ್ಕೂ ಸಮಪಾಲು, ತಲೆಗೆ 1,200 ಪುಟ ಎಂದು ನಾನು ಹೇಳಿದೆ. ಶಿಷ್ಯ ನಕ್ಕ. ನಮ್ಮ ಹತ್ತರಲ್ಲಿ ಮೂರು ಹಳೆಯವು. ಅವುಗಳ ವೇಗ ಅರ್ಧ. ಅವಕ್ಕೆ ಪುಟಕ್ಕೊಂದು ನಿಮಿಷದಂತೆ 1,200 ಪುಟಗಳಿಗೆ 20 ಗಂಟೆ ಬೇಕು. ಹೊಸ ಏಳು ಯಂತ್ರಗಳು 10 ಗಂಟೆಯಲ್ಲಿ ಮುಗಿಸಿ ಕೈಕಟ್ಟಿ ಕುಳಿತಿರುವಾಗ, ಬೆಳಗ್ಗೆ ಮಕ್ಕಳು ಬಂದರೂ ಹಳೆಯವು ಏದುಸಿರು ಬಿಡುತ್ತಲೇ ಇರುತ್ತವೆ. ಇದಕ್ಕೆ ಪರಿಹಾರ ನನಗೆ ತಿಳಿಯದ್ದೇನಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ನಾವು ಉತ್ತರಪತ್ರಿಕೆಗಳನ್ನು ಮೊದಲ ದಿನವೇ ಎಲ್ಲರಿಗೂ ಹಂಚಿಬಿಡುತ್ತಿದ್ದೆವೇ? ಒಂದು ಕಟ್ಟು ಮುಗಿಸಿದವರು ಮೇಜಿಗೆ ಬಂದು ಇನ್ನೊಂದನ್ನು ಒಯ್ಯುತ್ತಿದ್ದರು. ಯಂತ್ರಗಳಿಗೂ ಅದೇ ಪದ್ಧತಿ. ಒಂದು ಯಂತ್ರವು ಮೇಜಿನಂತೆ ಕುಳಿತು ಉಳಿದ ಪುಟಗಳ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ; ಕೆಲಸ ಮುಗಿದ ಯಂತ್ರವು ಮುಂದಿನ ಕಟ್ಟನ್ನು ಕೇಳಿ ಪಡೆಯುತ್ತದೆ. ಹಾಗೆ ಮಾಡಿದರೆ ನಿಮಿಷಕ್ಕೆ 17 ಪುಟಗಳು ಸಾಗಿ, ಇಡೀ ಕೆಲಸವು ಸುಮಾರು 12 ಗಂಟೆಗಳಲ್ಲಿ ಮುಗಿಯುತ್ತದೆ. ಯಂತ್ರಗಳು ಅವೇ, ಪುಟಗಳೂ ಅವೇ. ಹಂಚಿದ ಬಗೆ ಮಾತ್ರ ಬೇರೆ.

ಕಟ್ಟಿನ ಗಾತ್ರವೂ ಮುಖ್ಯ. ತೀರ ಚಿಕ್ಕದಾದರೆ ಮೇಜಿಗೆ ಓಡಾಡುವುದರಲ್ಲಿಯೇ ಹೊತ್ತು ಹೋಗುತ್ತದೆ. ತೀರ ದೊಡ್ಡದಾದರೆ ಕೊನೆಯ ಕಟ್ಟು ನಿಧಾನದ ಯಂತ್ರದ ಪಾಲಾದಾಗ ಉಳಿದವರೆಲ್ಲ ಕಾಯಬೇಕು. ನಾವು 25 ಪುಟಗಳ ಕಟ್ಟನ್ನು ಆರಿಸಿಕೊಂಡೆವು. ಪ್ರತಿಯೊಂದು ಪುಟದ ಫಲಿತವೂ ಬೇರೆ ಕಡತದಲ್ಲಿರಬೇಕೆಂದೂ ನಿಶ್ಚಯಿಸಿದೆವು. ಒಂದೇ ಅಂಕಪಟ್ಟಿಯಲ್ಲಿ ಇಬ್ಬರು ಏಕಕಾಲಕ್ಕೆ ಬರೆಯಹೊರಟರೆ ಆಗುವ ಗೊಂದಲ ಯಂತ್ರಗಳಿಗೂ ತಪ್ಪಿದ್ದಲ್ಲ.

ಬಿಡುವಾಗಿರುವ ಯಂತ್ರವನ್ನು ದುಡಿಸುವ ಈ ಆಲೋಚನೆ ಹೊಸತಲ್ಲ. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಸುಮಾರು 100 ಆಲ್ಟೊ ಯಂತ್ರಗಳು ಈಥರ್‌ನೆಟ್ ಜಾಲದಲ್ಲಿದ್ದವು. ಜಾನ್ ಶಾಕ್ ಮತ್ತು ಜಾನ್ ಹಪ್ ಎಂಬವರು, ಬಿಡುವಿನ ಯಂತ್ರಗಳನ್ನು ತಾನೇ ಹುಡುಕಿಕೊಂಡು ಹಬ್ಬುವ ಕ್ರಮವಿಧಿಯೊಂದನ್ನು ರಚಿಸಿ ಅದಕ್ಕೆ ‘ಹುಳು’ ಎಂದು ಹೆಸರಿಟ್ಟರು. ಒಂದು ರಾತ್ರಿ ಪುಟ್ಟ ಹುಳುವೊಂದನ್ನು ಬಿಟ್ಟು ಮನೆಗೆ ಹೋದರು. ಬೆಳಗ್ಗೆ ಬಂದು ನೋಡಿದರೆ ಕಟ್ಟಡದ ತುಂಬ ಯಂತ್ರಗಳು ಸ್ತಬ್ಧ! ಹುಳುವಿನ ಪ್ರತಿಯೊಂದು ಕೆಟ್ಟು, ಹೊಕ್ಕ ಯಂತ್ರವನ್ನೆಲ್ಲ ಕೆಡವುತ್ತ ಸಾಗಿತ್ತು. ಎಲ್ಲವನ್ನೂ ಒಮ್ಮೆಗೆ ನಿಲ್ಲಿಸುವ ಆಜ್ಞೆಯೊಂದನ್ನು ಮೊದಲೇ ಸಿದ್ಧಪಡಿಸಿಟ್ಟಿದ್ದುದರಿಂದ ಬಚಾವಾದರು. ತಮ್ಮ ಈ ಪಾಡನ್ನು ಅವರು 1982ರಲ್ಲಿ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ವಿಜ್ಞಾನಿಗಳ ಈ ಗುಣ ನನಗೆ ಬಹಳ ಮೆಚ್ಚುಗೆಯಾಯಿತು.

ಇದಕ್ಕಿಂತ ವಿನಯವುಳ್ಳ ವ್ಯವಸ್ಥೆಯೊಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡಿತು. ಮೈಕೆಲ್ ಲಿಟ್ಸ್ಕೊ, ಮಿರೋನ್ ಲಿವ್ನಿ, ಮ್ಯಾಟ್ ಮಟ್ಕ ಎಂಬ ಮೂವರು 1988ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಹೆಸರು ‘ಕಾಂಡರ್’, ಅಂದರೆ ಅಮೆರಿಕ ಖಂಡದ ರಣಹದ್ದು. 23 ಯಂತ್ರಗಳ ಮೇಲೆ ಅದನ್ನು ಪರೀಕ್ಷಿಸಿದ್ದರು. ಹೆಸರು ರಣಹದ್ದಿನದಾದರೂ ನಡತೆ ಸಭ್ಯ ಅತಿಥಿಯದು. ಯಂತ್ರದ ಒಡೆಯ ಕೀಲಿಮಣೆಯನ್ನು ಮುಟ್ಟಿದರೆ ಸಾಕು, ಅರ್ಧ ನಿಮಿಷದೊಳಗೆ ಅತಿಥಿ ಕೆಲಸವು ನಿಂತು ಒಡೆಯನಿಗೆ ಜಾಗ ಬಿಡುತ್ತದೆ. ಅವನು ಕುಳಿತೇ ಇದ್ದರೆ, ಆವರೆಗಿನ ಸ್ಥಿತಿಯನ್ನು ಬರೆದಿಟ್ಟುಕೊಂಡು ಇನ್ನೊಂದು ಯಂತ್ರಕ್ಕೆ ಹೋಗಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆ. ಮಾಡಿದ್ದನ್ನೇ ಮತ್ತೆ ಮಾಡುವ ಪ್ರಮೇಯ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚು ಕೆಲಸವುಳ್ಳವನು ಎಲ್ಲ ಯಂತ್ರಗಳನ್ನೂ ಕಬಳಿಸದಂತೆ, ಅಪರೂಪಕ್ಕೆ ಕೇಳುವವನಿಗೂ ಸರದಿ ಸಿಗುವಂತೆ ಅದರಲ್ಲಿ ಏರ್ಪಾಡಿತ್ತು. 2012ರಲ್ಲಿ ‘ಎಚ್‌ಟಿ ಕಾಂಡರ್’ ಎಂದು ಹೆಸರು ಬದಲಾದ ಆ ತಂತ್ರಾಂಶ ಇಂದಿಗೂ ಉಚಿತವಾಗಿ ದೊರೆಯುತ್ತದೆ.

ನಮ್ಮ ಕೊಠಡಿಯ ಒಡೆಯರು ಮಕ್ಕಳು. ಅವರ ಪಾಠದ ಹೊತ್ತಿನಲ್ಲಿ ಅತಿಥಿ ಕೆಲಸ ಕೂಡದೆಂಬುದು ನಾನು ಹಾಕಿದ ಏಕೈಕ ಷರತ್ತು. ಅಕ್ಷರ ಓದಲು 2005ರಲ್ಲಿ ಮುಕ್ತವಾಗಿ ಬಿಡುಗಡೆಯಾದ ‘ಟೆಸರಾಕ್ಟ್’ ತಂತ್ರಾಂಶವನ್ನು ಬಳಸಿದೆವು. ಅದಕ್ಕೆ ಕನ್ನಡ ಬರುತ್ತದೆ. ಮೊದಲ ರಾತ್ರಿಯೇ ಗುಡುಗು ಮಳೆಗೆ ವಿದ್ಯುತ್ತು ಹೋಯಿತು. ಮುಗಿದ ಕಟ್ಟುಗಳು ಪಟ್ಟಿಯಲ್ಲಿ ದಾಖಲಾಗಿದ್ದವು. ಕೈಯಲ್ಲಿದ್ದವು ಮಾತ್ರ ಮರುದಿನ ಸಂಜೆ ಮತ್ತೆ ಮೇಜಿಗೆ ಬಂದವು. ದೊಡ್ಡ ಯಂತ್ರದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆದರೆ ಹಂಚಿ ಮುಗಿಸಲಾಗದ ಭಾಗವೊಂದು ಈಗ ಎದುರಿಗೆ ಕುಳಿತಿದೆ. ಹಳೆಯ ಅಚ್ಚು ಮಸುಕಾಗಿರುವಲ್ಲಿ ಯಂತ್ರವು ಧಕಾರವನ್ನು ದಕಾರವೆಂದು ಓದುತ್ತದೆ, ಒತ್ತಕ್ಷರಗಳನ್ನು ನುಂಗುತ್ತದೆ. ಇದನ್ನು ಕನ್ನಡ ಬಲ್ಲ ಕಣ್ಣೇ ತಿದ್ದಬೇಕು. ಹತ್ತು ಯಂತ್ರಗಳ ಬದಲು ನೂರು ತಂದರೂ ಈ ಕೆಲಸ ಬೇಗನಾಗದು. ಓದಿಸಿದ ಪುಟಗಳನ್ನು ಮೂಲದ ಚಿತ್ರಗಳೊಡನೆ ಮುದ್ರಿಸಿ, 25ರ ಕಟ್ಟುಗಳನ್ನಾಗಿ ಶಾಲಾ ಕಚೇರಿಯಲ್ಲಿ ಇರಿಸಲಾಗಿದೆ. ಮಹೋತ್ಸವಕ್ಕೆ ಬಂದವರು ತಲೆಗೊಂದು ಕಟ್ಟು ಒಯ್ಯಬಹುದು. ಎರಡು ಒಯ್ಯುವುದು ಬೇಡ. ಒಂದನ್ನು ತಿದ್ದಿ ತಂದವರಿಗೆ ಇನ್ನೊಂದನ್ನು ಕೊಡಲಾಗುವುದು. ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದವರು, ಎಲ್ಲಿಯವರೆಗೆ ತಿದ್ದಿದ್ದೇವೆಂದು ಮೇಲಿನ ಹಾಳೆಯಲ್ಲಿ ಬರೆದು ಹಿಂದಿರುಗಿಸಿದರೆ ಸಾಕು.