ಗೌರವ ಶಿಕ್ಷಕಿಯ ಸಂಬಳಕ್ಕೊಂದು ಅಡಿಕೆ ತೋಟ

ಊರಿನ ಸರ್ಕಾರಿ ಶಾಲೆಗೆ ಕೊಠಡಿ, ರಂಗಮಂದಿರ, ನೀರಿನ ಟ್ಯಾಂಕು ಮಾಡಿಸಿಕೊಡುವ ದಾನಿಗಳು ಸಿಗುತ್ತಾರೆ. ಎಲ್‌ಕೆಜಿ ಮಕ್ಕಳ ಗೌರವ ಶಿಕ್ಷಕಿಗೆ ತಿಂಗಳು ತಿಂಗಳು ಸಂಬಳ ಕೊಡುವವರು ಸಿಗುವುದು ಕಷ್ಟ. ಆಯಾ ಸಂಬಳ, ಶಾಲಾ ವಾಹನದ ಡೀಸೆಲ್ ಕೂಡ ಹಾಗೆಯೇ. ವರ್ಷವೂ ಬರುವ ಖರ್ಚಿಗೆ ವರ್ಷವೂ ಬರುವ ಆದಾಯವೇ ಆಗಬೇಕು. ದಕ್ಷಿಣ ಕನ್ನಡದ ಕೆಲವು ಸರ್ಕಾರಿ ಶಾಲೆಗಳು ಇದಕ್ಕಾಗಿ ತಮ್ಮ ಜಾಗದಲ್ಲೇ ಅಡಿಕೆ ತೋಟ ಎಬ್ಬಿಸಿವೆ. ನಿಮ್ಮ ಶಾಲೆಗೂ ಜಾಗವಿದ್ದರೆ ಕೆಲಸ ಹೀಗೆ ಶುರುವಾಗಲಿ.

ಮೊದಲು ಖರ್ಚಿನ ಪಟ್ಟಿ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೂತು ವರ್ಷದ ಕೊರತೆ ಎಷ್ಟೆಂದು ಬರೆಯಿರಿ. ಒಬ್ಬ ಗೌರವ ಶಿಕ್ಷಕಿಗೆ ತಿಂಗಳಿಗೆ 8,000 ರೂ. ಎಂದರೂ ಹತ್ತು ತಿಂಗಳಿಗೆ 80,000 ರೂ. ಆಯಿತು. ಕಾಯಂ ಶಿಕ್ಷಕರು, ಕಟ್ಟಡ, ಬಿಸಿಯೂಟ ಸರ್ಕಾರದ ಹೊಣೆ. ಅವನ್ನು ಈ ಪಟ್ಟಿಗೆ ಸೇರಿಸಬೇಡಿ. ಕೈಯಲ್ಲಿ ತೋಟದ ದುಡ್ಡಿದೆಯೆಂದು ಖಾಲಿ ಹುದ್ದೆ ತುಂಬಿಸಿ ಎಂದು ಕೇಳುವುದನ್ನು ನಿಲ್ಲಿಸಿದರೆ ನಷ್ಟ ಮಕ್ಕಳಿಗೆ.

ಜಾಗ ಯಾರ ಹೆಸರಿನಲ್ಲಿದೆ?

ಹಿಂದೆ ಊರಿನ ಹಿರಿಯರು ಬಾಯಿಮಾತಿನಲ್ಲೇ ಶಾಲೆಗೆ ಜಾಗ ಬಿಟ್ಟುಕೊಟ್ಟದ್ದುಂಟು. ಪಹಣಿ ಇವತ್ತಿಗೂ ಅವರ ಹೆಸರಿನಲ್ಲೇ ಉಳಿದಿರಬಹುದು. ಸಸಿ ನೆಡುವ ಮೊದಲೇ ಆ ಮನೆಯವರನ್ನು ಗೌರವದಿಂದ ಕಂಡು ದಾನಪತ್ರ ನೋಂದಣಿ ಮಾಡಿಸಿ, ಸರ್ವೆ ಮಾಡಿಸಿ, ಗಡಿಕಲ್ಲು ಹಾಕಿಸಿ. ಫಸಲು ಬರುವ ಹೊತ್ತಿಗೆ ತಕರಾರು ಎದ್ದರೆ ಅಷ್ಟು ವರ್ಷದ ಶ್ರಮ ನೀರುಪಾಲು. ಕ್ಷೇತ್ರ ಶಿಕ್ಷಣಾಧಿಕಾರಿಯ ಅನುಮತಿ ಲಿಖಿತವಾಗಿಯೇ ಇರಲಿ. ಆಟದ ಮೈದಾನದ ಒಂದಡಿಯನ್ನೂ ತೋಟಕ್ಕೆ ಕೊಡಬೇಡಿ.

ಏನು ನೆಡುವುದು?

ಒಂಬತ್ತಡಿ ಅಂತರದಲ್ಲಿ ಅರ್ಧ ಎಕರೆಗೆ ಸುಮಾರು 250 ಅಡಿಕೆ ಸಸಿ ಹಿಡಿಯುತ್ತದೆ. ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೇಂದ್ರದಲ್ಲಿ ತಳಿಯ ಬಗ್ಗೆ ವಿಚಾರಿಸಿ. ಮಂಗಳ ತಳಿ ಅಲ್ಲಿಂದಲೇ ಬಂದದ್ದು. ಆದರೆ ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಅಡಿಕೆಯ ಆಸೆ ಬೇಡ. ಏಪ್ರಿಲ್-ಮೇ ತಿಂಗಳು ಶಾಲೆಗೆ ರಜೆ. ನೀರು ಬಿಡಲು ಒಬ್ಬರು ಗೊತ್ತಾಗಿರಲೇಬೇಕು. ನೀರು ಕಡಿಮೆ ಇರುವ ಗುಡ್ಡದ ಜಾಗಕ್ಕೆ ಗೇರು ಹೊಂದುತ್ತದೆ. ಕಸಿ ಗಿಡ ಮೂರನೇ ವರ್ಷದಿಂದ ಫಲ ಕೊಡುತ್ತದೆ. ಗೇರಿನ ಸಂಶೋಧನಾ ನಿರ್ದೇಶನಾಲಯ ಪುತ್ತೂರಿನಲ್ಲೇ ಇದೆ. ಸುಳ್ಯದ ಸಂಪಾಜೆಯಂತೆ ಹಳದಿ ಎಲೆ ರೋಗ ಹರಡಿರುವ ಕಡೆ ಹೊಸದಾಗಿ ಅಡಿಕೆ ಹಾಕುವುದು ಸರಿಯಲ್ಲ.

ಅಡಿಕೆ ಫಸಲಿಗೆ ಐದಾರು ವರ್ಷ ಕಾಯಬೇಕು. ನಡುವೆ ಬಾಳೆ ಹಾಕಿದರೆ ಗೊಬ್ಬರದ ಖರ್ಚಿಗೆ ಒಂದಿಷ್ಟು ಕೈಗೆ ಬರುತ್ತದೆ. ಮರ ಎದ್ದ ಮೇಲೆ ಕಾಳುಮೆಣಸು ಹಬ್ಬಿಸಬಹುದು.

ತೋಟ ನೋಡಿಕೊಳ್ಳುವವರು ಯಾರು?

ಹೆಚ್ಚಿನ ಕಡೆ ಯೋಜನೆ ಸೋಲುವುದು ಇಲ್ಲಿ. ಮುಖ್ಯ ಶಿಕ್ಷಕರಿಗೆ ವರ್ಗವಾಗುತ್ತದೆ, ಎಸ್‌ಡಿಎಂಸಿಯ ಅವಧಿ ಮುಗಿಯುತ್ತದೆ, ಮರ ಮಾತ್ರ ಅಲ್ಲೇ ನಿಂತಿರುತ್ತದೆ. ಆದ್ದರಿಂದ ಕೃಷಿ ಗೊತ್ತಿರುವ ನಾಲ್ಕೈದು ಹಳೆ ವಿದ್ಯಾರ್ಥಿಗಳ ತೋಟ ಸಮಿತಿಯೊಂದನ್ನು ನಿರ್ಣಯ ಪುಸ್ತಕದಲ್ಲಿ ಬರೆದೇ ನೇಮಿಸಿ. ಗುಂಡಿ ತೋಡಲು, ಸೊಪ್ಪು ಹಾಕಲು ಊರವರ ಶ್ರಮದಾನ ಸಾಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮತ್ತೆ ಸುಮಾರು ನಲವತ್ತು ದಿನಕ್ಕೆ ಇನ್ನೊಮ್ಮೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಕೆಲಸ ನುರಿತವರದ್ದೇ. ಅದಕ್ಕೆ ಹಣ ತೆಗೆದಿಡಿ.

ಇಡೀ ತೋಟವನ್ನೇ ಗುತ್ತಿಗೆಗೆ ಕೊಟ್ಟುಬಿಡೋಣ ಎಂಬ ಮಾತು ಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಒಂದು ವರ್ಷಕ್ಕೆ ವಹಿಸಿಕೊಂಡವರಿಗೆ ಮುಂದಿನ ವರ್ಷದ ಮರಕ್ಕೆ ಗೊಬ್ಬರ ಹಾಕುವ ದರ್ದು ಇರುವುದಿಲ್ಲ. ಆರೈಕೆ ಸಮಿತಿಯ ಕೈಯಲ್ಲಿರಲಿ, ಫಸಲನ್ನು ಮಾತ್ರ ಪಂಚಾಯಿತಿ ನೋಟಿಸ್ ಬೋರ್ಡಿನಲ್ಲಿ ಪ್ರಕಟಿಸಿ ಬಹಿರಂಗವಾಗಿ ಏಲಂ ಹಾಕಿ.

ಮಕ್ಕಳಿಂದ ಈ ತೋಟದ ಕೆಲಸ ಮಾಡಿಸಲೇಬಾರದು. 1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಾಲೆ ತನ್ನ ಖರ್ಚನ್ನು ತಾನೇ ತೂಗಿಸಲಿ ಎಂದಾಗಲೇ, ಹಾಗಾದರೆ ಮಕ್ಕಳು ದುಡಿಮೆಗಾರರಾಗುವುದಿಲ್ಲವೇ ಎಂಬ ಆಕ್ಷೇಪ ಎದ್ದಿತ್ತು. ಆ ಆತಂಕ ಇಂದಿಗೂ ನ್ಯಾಯವಾದದ್ದೇ. ಬಿಸಿಯೂಟಕ್ಕೆ ಬಸಳೆ, ತೊಂಡೆ ಬೆಳೆಯುವ ಕೈತೋಟ ಮಕ್ಕಳ ಕಲಿಕೆಗೆ ಸಾಕು.

ದುಡ್ಡು ಬಂದ ಮೇಲೆ

ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆಗೇ ಏಲಂ ಹಣ ಜಮೆಯಾಗಲಿ. ಲೆಕ್ಕವನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿ. ಅಡಿಕೆಯ ಧಾರಣೆ ಏರಿಳಿಯುವುದರಿಂದ ಬಂದದ್ದರಲ್ಲಿ ಮೂರನೇ ಒಂದು ಪಾಲನ್ನಾದರೂ ದತ್ತಿನಿಧಿಯಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿ. ಶೇ 7ರ ಬಡ್ಡಿಯಂತೆ ಒಂದು ಲಕ್ಷಕ್ಕೆ ವರ್ಷಕ್ಕೆ 7,000 ರೂ.; ಠೇವಣಿ ಬೆಳೆದಷ್ಟೂ ಧಾರಣೆ ಕುಸಿದ ವರ್ಷವನ್ನು ದಾಟಿಸುವುದು ಸುಲಭ.

ಫಸಲಿಗೆ ಮುಂಚಿನ ವರ್ಷಗಳ ಸಂಬಳಕ್ಕೆ ಹಳೆ ವಿದ್ಯಾರ್ಥಿಗಳನ್ನೇ ಕೇಳಿ. ‘ಶಾಲೆಗೆ ಏನಾದರೂ ಕೊಡಿ’ ಎನ್ನುವ ಬದಲು ‘ಐದು ವರ್ಷ, ತಿಂಗಳಿಗೆ 500 ರೂ.’ ಎಂದು ಕೇಳಿದರೆ ಅವರಿಗೂ ಲೆಕ್ಕ ಸ್ಪಷ್ಟ. ಹದಿನಾರು ಮಂದಿ ಒಪ್ಪಿದರೆ ಒಬ್ಬ ಶಿಕ್ಷಕಿಯ 8,000 ರೂ. ಹೊಂದುತ್ತದೆ. ಈ ಒಪ್ಪಿಗೆ ಕೈಗೆ ಬಂದ ಮೇಲೆಯೇ ಗುಂಡಿ ತೋಡಿಸಿ.