ಅಗ್ಗದ ಫೋನಿನ ಬೇಲಿ
ಅಮೆರಿಕದಲ್ಲಿರುವ ನಿಮ್ಮ ಪ್ರಶ್ನೆ ನ್ಯಾಯವಾದದ್ದು: ಮೊಬೈಲ್ ಸೇವೆಯ ಒಪ್ಪಂದವನ್ನು ಅವಧಿಗೆ ಮುನ್ನ ಮುರಿದಾಗಿನ ದಂಡ ಫೋನಿನ ರಿಯಾಯಿತಿಯ ವಸೂಲಿ ಮಾತ್ರವೇ? ಕಂಪನಿಗಳ ವಾದ ಅದೇ. ಹುರುಳೂ ಇದೆ, ಅಗ್ಗದ ಫೋನಿನ ಹಣವನ್ನು ಯಾರಾದರೂ ತುಂಬಲೇಬೇಕು. ಆದರೆ ಲೆಕ್ಕ ನೋಡಿ. 2009ರ ನವೆಂಬರ್‌ನಲ್ಲಿ ಮೊಬೈಲ್ ಕಂಪನಿ ವೆರಿಝಾನ್ ಸ್ಮಾರ್ಟ್‌ಫೋನ್ ದಂಡವನ್ನು 350 ಡಾಲರಿಗೆ ಏರಿಸಿತು, ಇಳಿಕೆ ತಿಂಗಳಿಗೆ ಬರೀ 10 ಡಾಲರ್. ಎರಡು ವರ್ಷದ ಒಪ್ಪಂದದಲ್ಲಿ 23 ತಿಂಗಳು ತಪ್ಪದೆ ಬಿಲ್ ಕಟ್ಟಿದವರೂ 120 ಡಾಲರ್ ತೆರಬೇಕಿತ್ತು. ರಿಯಾಯಿತಿಯೊಂದೇ ಕಾರಣವಾಗಿದ್ದರೆ ಅಷ್ಟು ಹೊತ್ತಿಗೆ ದಂಡ ಸೊನ್ನೆಯ ಹತ್ತಿರ ಬಂದಿರಬೇಕಿತ್ತಲ್ಲವೇ? ಉಳಿದದ್ದು ಗ್ರಾಹಕನ ಸುತ್ತ ಕಟ್ಟಿದ ಬೇಲಿ. ಈಗ ದಂಡದ ಹೆಸರು ಬಹುಪಾಲು ಮಾಯವಾಗಿದೆ, ಬೇಲಿ ಉಳಿದಿದೆ: 36 ತಿಂಗಳವರೆಗಿನ ಕಂತು, ಬಿಲ್ಲಿನಲ್ಲಿ ತಿಂಗಳಿಗಿಷ್ಟು ರಿಯಾಯಿತಿ, ನಡುವೆ ಬಿಟ್ಟರೆ ರಿಯಾಯಿತಿ ನಿಲ್ಲುತ್ತದೆ, ಬಾಕಿ ಕಂತು ಒಟ್ಟಿಗೇ ತಲೆಮೇಲೆ ಬೀಳುತ್ತದೆ. ಹಾಗಾಗಿ ಬಿಡುವ ಮುನ್ನ ಆ ಬಾಕಿಯನ್ನು ಬೇರೆ ಕಂಪನಿಯ ಯೋಜನೆಯಿಂದಾಗುವ ತಿಂಗಳ ಉಳಿತಾಯದಿಂದ ಭಾಗಿಸಿ. ಬರುವ ಉತ್ತರ ಕಂತಿನಲ್ಲಿ ಉಳಿದಿರುವ ತಿಂಗಳುಗಳಿಗಿಂತ ಕಡಿಮೆಯಿದ್ದರೆ ಇಂದೇ ಬಿಡಿ.